ನೂರನೆಯ ಹೆಸರು

ಅಲ್ಲ, ನೂರು ಜನ ಅಂದ್ರೆ ಇಲ್ಲಿ ಕೆನ್ಮೋರಿನಲ್ಲಿ ನಿಮ್ಮ ಎರಡು ಸ್ಕೂಲ್ ಬಸ್ಸು ತುಂಬಿದ್ರೆ ಮುಗೀತು. ಆದರೆ ತಲೋನಾದಲ್ಲಿ, ಅದೇ, ಸಕ್ಕರೆ ಗಿರಣಿಯಲ್ಲಿ ಕಬ್ಬು ತೂಗೋ ಕೆಲಸಕ್ಕೆ ಅಂತ ನಿಮ್ಮ ತಾತ ನನ್ನನ್ನ ಕರ್ಕೊಂಡು ಹೋದ ದ್ವೀಪದಲ್ಲಿ, ನೂರು ಜನ ಸೇರಿಸೋಕೆ ನಮಗೆ ಮೂರು ತಿಂಗಳು ಹಿಡೀತು. ದೇಶಕ್ಕೆ ಆಗತಾನೇ ಸ್ವಾತಂತ್ರ್ಯ ಬಂದಿತ್ತು, ಮೊದಲನೇ ಚುನಾವಣೆ. ಇದ್ದದ್ದು ಒಂದೇ ಪಕ್ಷ, ಅದೂ ತೋಟದ ಧಣಿಗಳದ್ದು. ಅಕ್ಕಿ ಬೇಕಂದ್ರೆ ಅವರ ಅಂಗಡಿ, ತಲೆ ಮೇಲೆ ಸೂರು ಬೇಕಂದ್ರೆ ಅವರು ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆ. ಅಕ್ಕಿ ಅಳೆದು ಕೊಡೋರು, ವಾರಕ್ಕೆರಡು ದಿನ ಮರಗೆಣಸೇ ಗತಿ. ನಾನು ಬೇರೆಯಾಗಿ ಏಕಾದಶಿ ಉಪವಾಸ ಮಾಡೋದೇ ಬೇಡವಾಗಿತ್ತು. ಅದಕ್ಕೇ ಕೂಲಿಯವರದ್ದೇ ಒಂದು ಪಕ್ಷ ಕಟ್ತೀನಿ ಅಂತ ತಾತ ಹೊರಟರು. ಕಾನೂನು ಏನಂದ್ರೆ, ಹೊಸ ಪಕ್ಷ ದಾಖಲಾಗಬೇಕಾದ್ರೆ ನೂರು ಜನ ಖುದ್ದಾಗಿ ಚುನಾವಣೆ ಅಧಿಕಾರಿ ಮುಂದೆ ನಿಂತು, ಕೇಳಿದ್ದಕ್ಕೆ ಅವರವರೇ ಉತ್ತರ ಹೇಳಿ, ರುಜು ಹಾಕಬೇಕು.

ಕಡೇ ದಿನ, ಸಂಜೆ ಐದಕ್ಕೆ ಕಚೇರಿ ಬಾಗಿಲು ಮುಚ್ಚೋರು. ರುಜು ಹಾಕಿದವನ ಪಾತ್ರೆ ಪಗಡ ಬೀದಿಗೆ ಅಂತ ಧಣಿಗಳು ಹೆದರಿಸಿದ್ರು. ಹಾಗಾಗಿ ತೊಂಬತ್ತೊಂಬತ್ತಕ್ಕೆ ನಿಂತುಹೋಯ್ತು. ನೂರನೆಯವನಿಗೆ ಬೆಳಗ್ಗೆ ಇಲ್ಲದ ಜ್ವರ ಮಧ್ಯಾಹ್ನ ಬಂತು. ಪಾಪ, ಅವನನ್ನ ಅನ್ನೋದು ಬೇಡ, ನಾಲ್ಕು ಮಕ್ಕಳ ತಂದೆ. ನಾನು ದೇವರ ಮುಂದೆ ದೀಪ ಹಚ್ಚಿ ಕೂತಿದ್ದೆ, ಅಲ್ಲ, ದೀಪ ಎಲ್ಲಿಂದ, ಎಣ್ಣೆ ಇರಲಿಲ್ಲ, ಬರೀ ಊದುಬತ್ತಿ. ತಾತ ಓಡ್ಬಂದ್ರು.

"ಹೊರಡೇ, ನೀನೇ ನೂರನೆಯವಳು!"

"ಹೆಂಗಸರು ಹಾಕಬಹುದೇನ್ರೀ?"

"ವೋಟು ಇದೆ ಅಂದ್ಮೇಲೆ ರುಜು ಇಲ್ವೇನೇ?"

ಅಧಿಕಾರಿ ಆ ದ್ವೀಪದವನೇ, ಮೃದು ಮನುಷ್ಯ. ಅವರ ಭಾಷೆ ಸಂತೆಯಲ್ಲಿ ಕಲಿತಿದ್ದೆ. ಹೆಸರು ಕೇಳಿದ, ಹೇಳಿದೆ. ಊರು ಕೇಳಿದ, ಹೇಳಿದೆ. "ಗಂಡನ ಹೆಸರು?" ಬಾಯಿ ಕಟ್ಟಿಹೋಯ್ತು. ಹೆಂಡತಿ ಬಾಯಲ್ಲಿ ಗಂಡನ ಹೆಸರು ಬಂದ್ರೆ ಆಯಸ್ಸು ಕಮ್ಮಿ ಅಂತ ನಮ್ಮ ಕಡೆ, ಗೊತ್ತಲ್ಲ. 'ಜಸ್ಟ್ ಸೇ ಇಟ್ ಅಜ್ಜಿ' ಅಂತೀಯ ನೀನು, ನಿನಗೇನಮ್ಮ, ಮೇಷ್ಟ್ರನ್ನೂ ಹೆಸರು ಹಿಡಿದು ಕೂಗೋಳು. ಹಿಂದಿನಿಂದ ತಾತ "ಸ್ವಾಮಿ, ನಾನು ಹೇಳ್ತೀನಿ" ಅಂದ್ರು. "ನೀವು ಸುಮ್ಮನಿರಿ, ಆಕೆಯೇ ಹೇಳಲಿ." ಐದಕ್ಕೆ ಹತ್ತೇ ನಿಮಿಷ. ನಾನು ನೆಲ ನೋಡ್ತಾ ನಿಂತಿದೀನಿ. ಅವನು ನನ್ನ ಮುಖ ನೋಡಿದ, ದನಿ ಇಳಿಸಿದ. "ತಿಳೀತು ತಾಯಿ, ಅಳಬೇಡಿ" ಅಂದು, 'ವಿಧವೆ' ಅಂತ ಹೇಳ್ಕೊಂಡೇ ಬರೆಯೋಕೆ ಪೆನ್ನು ಊರಿದ!

ಅಯ್ಯೋ, ಹಣೆ ಮೇಲೆ ಕಾಸಗಲ ಕುಂಕುಮ, ಅದರ ಅರ್ಥ ಅವನಿಗೇನು ಗೊತ್ತು!

"ರಂಗಪ್ಪ! ನನ್ನ ಗಂಡ ರಂಗಪ್ಪ! ಇಗೋ, ಕಂಬದ ಹಾಗೆ ಹಿಂದೇನೇ ನಿಂತಿದಾರಲ್ಲ!"

ಇಡೀ ಕಚೇರಿ ಹೋ ಅಂತು. "ರಂಗಪ್ಪಣ್ಣ, ಮನೇಲೂ ಹೀಗೇ ಕರೀತಾಳಾ?" ಅಂತ ಯಾರೋ. ತಾತ ಕಿವಿವರೆಗೂ ಕೆಂಪು. ನಾನು ರುಜು ಹಾಕಿದೆ, ಅವನು ಮೊಹರು ಒತ್ತಿದ, ಕೂಲಿಕಾರರ ಪಕ್ಷ ಹುಟ್ತು. ಧಣಿಗಳು ಹೇಳಿದ ಹಾಗೇ ಪಾತ್ರೆ ಬೀದಿಗೆ ಎಸೆದ್ರು, ಒಂದು ತಿಂಗಳ ಕಾಲ ಗುಡಿಯ ಜಗಲಿಯಲ್ಲಿ ಬೇಯಿಸಿ ತಿಂದ್ವಿ. ಆಮೇಲೆ ಅದೇ ಪಕ್ಷ ಗೆದ್ದು ಲೈನ್ ಮನೆಗಳನ್ನ ಕೂಲಿಯವರ ಹೆಸರಿಗೇ ಬರೆಸಿಕೊಡ್ತು. ಕಚೇರಿಯ ಆ ರುಜು ಪುಸ್ತಕದಲ್ಲಿ ಕಡೇ ಸಾಲು ನಂದು, ಹಳ್ಳಿ ಶಾಲೆಯ ದಪ್ಪಕ್ಷರ. ಹೆಸರು ಹೇಳಿದ ತಪ್ಪಿಗೆ ಮೂರು ಶನಿವಾರ ಉಪವಾಸ ಮಾಡಿದೆ, ಅದು ಬೇರೆ. ಅವರ ಆಯಸ್ಸಿಗೇನೂ ಆಗಿಲ್ಲ, ಒಳಗೆ ಕೂತು ಎರಡನೇ ಲೋಟ ಕಾಫಿ ಕೇಳ್ತಿದಾರೆ. ನಾವು ಬಾಯಿ ಬಿಟ್ಟು ಹೇಳದೆ ಇದ್ರೆ, ಮಕ್ಕಳೇ, ನಮ್ಮ ವಿಷಯ ಬೇರೆಯವರು ತಮಗೆ ತೋಚಿದ್ದು ಬರ್ಕೋತಾರೆ.