ಆರತಿ ಕಂಡ ಮೀನು

“ಗಡಿಗೆ ಕುಲುಕಬ್ಯಾಡ ಕಣ್ಲಾ. ಇವೂ ಸತ್ರೆ ನಾನಿನ್ನು ಮೀನಿಗೇಂತ ಪಟ್ಣಕ್ಕೆ ಬರಾಕಿಲ್ಲ.”

ಬೆಳಗಿನಿಂದ ಬೆಣ್ಣೆ ಮಾರಿ ಬಸವಳಿದು, ಹರಿಗೋಲಿಗೆ ಕಾಯುತ್ತ ದಡದ ಗೋಡೆಗೊರಗಿ ತೂಕಡಿಸುತ್ತಿದ್ದ ಸಿದ್ದಲಿಂಗಮ್ಮ ಕಣ್ಣು ಬಿಟ್ಟಳು. ಪಕ್ಕದಲ್ಲಿ ಬಡಗಿ ಅಣ್ಣತಮ್ಮಂದಿರು ಕೂತಿದ್ದರು. ತಮ್ಮನ ತೊಡೆಯ ಮೇಲೆ ಹೊಳೆಮೀನಿನ ಗಡಿಗೆ.

“ಮನೆಗೋಗಿ ಗಡಿಗೇನ ಕಲ್ಲುಬಾನಿ ನೀರೊಳಗೇ ಇಡಾನ ಅಣ್ಣಯ್ಯ. ಎರಡೂ ನೀರು ಒಂದೇ ತಣ್ಪಾಗ್ಲಿ. ಆಮೇಲೆ ಬಾವಿನೀರ ಬೊಗಸೆ ಬೊಗಸೆ ಬೆರೆಸಾನ.”

“ಓದ್ಸಲಾನೂ ಅಂಗೇ ಮಾಡುದ್ವಲ್ಲ. ಬೆಳಗಾಗೋದ್ರೊಳಗೆ ಎಲ್ಲಾ ತೇಲ್ತಿದ್ವು.”

“ಅದು ಅವ್ವ ಆರತಿ ನೀರು ಸುರುದಿದ್ಕೆ.”

“ಏನಂದೆ?”

“ಒಸ ಸೊಸೆಗೆ ಎತ್ತಿದಂಗೆ ಆರತಿ ಎತ್ತಿ, ಅರಿಶಿನ ಸುಣ್ಣದ ನೀರ ಬಾನಿಗೇ ಸುರುದ್ಬುಟ್ಲು. ನಾನೇ ಕಂಡೆ.”

ಅಣ್ಣ ಹಣೆ ಒತ್ತಿಕೊಂಡ. “ದಂಡು ಬತ್ತದೇಂತ ಎದರಿ ಕ್ಯಾತನಹಳ್ಳಿ ಸೇರ್ದಾಗಿಂದ ಅವ್ವಂಗೆ ಊಟ ಸೇರ್ತಿಲ್ಲ. ಇಲ್ಲಿದ್ದಾಗ ದಿನಾ ಕಾವೇರಿ ಮೀನಿಗೆ ಅಕ್ಕಿ ಆಕಿದ್ಮೇಲೇ ಉಣ್ತಿದ್ಲು. ಕಾವೇರಮ್ಮ ಮುನಿಸ್ಕೊಂಡವ್ಳೆ, ಅದ್ಕೇ ಸಾಯ್ತವೆ ಅಂತ ಅಳ್ತಾಳೆ.”

“ಅಂಗಾರೆ ನೀನೇ ನಿಜ ಯೋಳು. ಹಿರೀಮಗ.”

“ನಿನ್ನ ಆರತಿಯಿಂದ್ಲೇ ಸತ್ವು ಅಂತ ಯಾವ ಬಾಯಲ್ಲಿ ಯೋಳ್ಲಾ?”

ತಮ್ಮ ಗಡಿಗೆಗೆ ಅಂಗೈ ಒತ್ತಿ ನೋಡಿದ.

“ಬುಡು. ಬಾಗ್ಲಲ್ಲೇ ಗಡಿಗೆ ಇಳಿಸಿ ಆರತಿ ಎತ್ತಿಸಾನ. ತಟ್ಟೆ ಇಸ್ಕೊಂಡು ನಾನೇ ಬೀದಿಗೆ ಚೆಲ್ತೀನಿ. ಬೇಗ ದಾಟಿದ್ರೆ ಸಾಕು, ಗಡಿಗೆ ನೀರು ಬೆಚ್ಚಗಾಯ್ತಾ ಅದೆ.”

ಹರಿಗೋಲು ದಡ ಮುಟ್ಟಿತು. ಅದರಲ್ಲಿ ಇಬ್ಬರಿಗಷ್ಟೇ ಜಾಗವಿತ್ತು. ಅಂಬಿಗ ಮೊದಲು ಬಂದಿದ್ದ ಸಿದ್ದಲಿಂಗಮ್ಮನನ್ನು ಕೂಗಿದ. ಅವಳು ಗಡಿಗೆಯ ಕಡೆ ಕೈ ತೋರಿಸಿ, ಸೆರಗು ತಲೆಗೆಳೆದುಕೊಂಡು ಮತ್ತೆ ಗೋಡೆಗೊರಗಿದಳು.