ಕೆಲಸಕ್ಕ ಬಾರದ ಎಣಿಕಿ

ಇಲ್ರಿ ಚಾಚಿ, ಚಾ ಬ್ಯಾಡ. ಖರೇನ ಬ್ಯಾಡ. ಆ ಬ್ಯಾಂಡೇಜ ಕಟ್ಟಿದ ಕೈಲೆ ನನ್ನ ಸಲುವಾಗಿ ಒಲಿ ಮುಂದ ಕುಂದರಬ್ಯಾಡ್ರಿ. ರೋಣದಾಗ ಬಸ್ ಹತ್ತೂ ಮುಂದ ಕುಡದ ಬಂದೀನಿ. ಕುಂದರ್ರಿ ನೀವು... ಆಶಿಕ ಎಲ್ಲಿ? ಒಳಗ? ಬಾಗಲಾ ಹಾಕ್ಕೊಂಡು ಹಾಡಹಗಲ ಮಕ್ಕೊಂಡಾನ? ಇರ್ಲಿ, ಎಬ್ಬಸಬ್ಯಾಡ್ರಿ. ನಾ ನಿಮ್ಮ ಕೂಡಾನ ಮಾತಾಡಾಕ ಬಂದೀನಿ.

ಈಗ ಬಸ್ ಸ್ಟ್ಯಾಂಡಿನ್ಯಾಗ ನಿಮ್ಮ ಮೈದುನ ಬಾಷಾಸಾಬ ಸಿಕ್ಕಿದ್ರು. ಮಗಾ ನಿಮ್ಮ ಮಾರಿ ಎತ್ತಿ ನೋಡವಲ್ಲನಂತ. ಹತ್ಯಾರ ಎಲ್ಲಾ ಚೀಲಾ ಕಟ್ಟಿ ಅಟ್ಟದ ಮ್ಯಾಲೆ ಒಗದಾನಂತ. ಸೋಮವಾರದಿಂದ ರೋಣದ ಪ್ಯಾಟ್ಯಾಗ ಜ್ವಾಳದ ಚೀಲ ಹೊರಾಕ ಹೋಗ್ತೀನಿ, ತಾಯಿ ಕೈ ಮುರದಾಂವಗ ಇದ ಲಾಯಕ ಕೆಲಸ ಅಂತಾನಂತ. ಖರೇ ಏನ್ರಿ ಇದು?... ಖರೇ. ನಮ್ಮ ಕಂಪ್ಯೂಟರ ಕ್ಲಾಸಿನ್ಯಾಗ ಎಂಟು ವರ್ಷದಾಗ ಅವನಂಥ ತಲಿ ಇದ್ದಾಂವ ಇನ್ನೊಬ್ಬ ಬಂದಿಲ್ಲ ಚಾಚಿ. ಅಂಥಾಂವ ಚೀಲ ಹೊರೂದಂದ್ರ...

ಅದಕ್ಕ ಬಂದೀನಿ. ತಪ್ಪು ಅವಂದಲ್ಲ. ಇದನ್ನ ನೀವು ಅವಗ ಹೇಳಬೇಕು. ನಾ ಹೇಳಿದ್ನಂತ ಬ್ಯಾಡ, ನೀವ ಹೇಳ್ರಿ. ತಾಯಿ ಹೇಳಿದ್ರ ಕೇಳ್ತಾನ.

ಯಾರ ತಪ್ಪು ಅಂತ ನೋಡಾಕತ್ತೀರಲ್ಲ, ಹೇಳ್ತೀನಿ ತಡೀರಿ. ನಿಮ್ಮ ರಟ್ಟಿ ನೋಯ್ತಾವಂತ ಅಂವ ಮಗ್ಗದ ನೂಲು ಕಂಡಿಕಿಗೆ ಸುತ್ತೋ ರಾಟಿಗೆ ಮೋಟಾರ ಕೂಡ್ಸಿದ. ಎಳಿ ಹರದ್ರ ತಾನ ನಿಲ್ತಿತ್ತು. ನೀವು ಎಳಿ ಗಂಟ ಹಾಕಿ ಎಡಗೈಲೆ ಬಟನ್ ಒತ್ತಿದ್ರ ಗಂಟಿ ಬಾರಸ್ತಿತ್ತು, ಚೂರು ತಡದು ಮೋಟಾರ ತಿರುಗ್ತಿತ್ತು. ಎಷ್ಟು ತಡೀಬೇಕು? ಅದನ್ನ ಅಂವ ನನ್ನ ಕೇಳಿದ್ದ. ಎರಡು ಸೆಕೆಂಡ ಇಡೋ ಅಂದಿದ್ದೆ. ಇಲ್ರಿ ಸರ, ನಮ್ಮ ಅಮ್ಮಿ ಬಟನ್ ಒತ್ತಿ ಬಿಸ್ಮಿಲ್ಲಾ ಪೂರಾ ಅಂತಾಳ, ಅನ್ನೂ ತನಕಾ ಬಲಗೈ ಎಳಿ ಬಿಡೂದಿಲ್ಲ, ಅದು ಮುಗದ ಮ್ಯಾಲೇನ ಕೈ ತಗೀತಾಳ ಅಂದ. ವಾಚ್ ಹಿಡಕೊಂಡು ಎರಡು ದಿನ ನಿಮ್ಮ ಮುಂದ ಕುಂತಿದ್ನಂತಲ್ಲ? ಹೂಂ. ಆ ಹೊತ್ತಿಗೆ ಬರೋಬ್ಬರಿ, ಮೋಟಾರ ನಡಸೋ ಆ ಸಣ್ಣ ಬೋರ್ಡಿಗೆ ಒಂದು ಎಣಿಕಿ ಬರದ. ಒಂದು, ಎರಡು, ಮೂರು ಅಂತ ಲಕ್ಷಗಟ್ಟಲೆ ಎಣಿಸು, ಮುಗಿಸಿದ ಮ್ಯಾಲೆ ಮೋಟಾರ ಬಿಡು. ಎರಡು ವರ್ಷ ಒಂದ ದಿನಾನೂ ತಪ್ಪಲಿಲ್ಲ ಅದು.

ಈಗ ನೋಡ್ರಿ, ಅಂವ ಬರದದ್ದು ಸೀದಾ ಬೋರ್ಡಿಗೆ ತಿಳಿಯೂದಿಲ್ಲ. ನಡುವ ಒಬ್ಬ ದುಭಾಷಿ ಬೇಕು. ಅದಕ್ಕ ಕಂಪೈಲರ್ ಅಂತಾರ. ಅದೂ ಒಂದು ಪ್ರೋಗ್ರಾಮ. ಈ ಕಂಪೈಲರಿಗೆ ಮಾಲಕ ಅಂತ ಇಲ್ಲ, ಅದರ ಹೂರಣಾ ಎಲ್ಲಾ ಬಯಲಿಗೆ ಇಟ್ಟಾರ. ಯಾವ ದೇಶದಾಂವರೆ ಆಗ್ಲಿ ಓದಬಹುದು, ಇದನ್ನ ಹಿಂಗ ತಿದ್ರಿ ಅಂತ ಒಂದು ಬದಲಾವಣಿ ಬರದು ಕಳಸಬಹುದು. ನಾಕ ಮಂದಿ ಹಿರೇರು ನೋಡಿ, ಚಲೋ ಐತಿ ಅಂದ್ರ ಸೇರಸ್ತಾರ. ದಿನಾ ಹತ್ತಿಪ್ಪತ್ತು ಬರ್ತಾವ. ಕೆಲಸ ಲಗೂ ಆಗಬೇಕು, ದಂಡದ ಕೆಲಸ ತಗೀಬೇಕು... ಅದ ಧ್ಯಾಸ ಎಲ್ಲಾರಿಗೂ. ಹೋದ ವರ್ಷ ಅಂಥಾದ್ದೊಂದು ಬದಲಾವಣಿ ಸೇರ್ತು. ಏನಂದ್ರ, ಯಾರರೆ ಸುಮ್ನ ಎಣಿಸಿ, ಆ ಎಣಿಕಿ ಮುಂದ ಯಾತಕ್ಕೂ ಬರೂದಿಲ್ಲಂದ್ರ ಅದನ್ನ ತಗದ ಒಗಿ. ಆಶಿಕನ ಎಣಿಕಿ ಮುಂದ ಯಾತಕ್ಕ ಬರ್ತೈತಿ ಹೇಳ್ರಿ? ಯಾತಕ್ಕೂ ಇಲ್ಲ. ಬರೇ ಹೊತ್ತು ಕಳಿಯಾಕ. ಕಂಪೈಲರ್ ನೋಡ್ತು, ದಂಡ ಅಂತು, ಒಗೀತು. ನಿಮ್ಮ ಬಿಸ್ಮಿಲ್ಲಾದ ಹೊತ್ತನ್ನ ಕೆಲಸಕ್ಕ ಬಾರದ್ದು ಅಂತ...

ಯಾಕ ನಗತೀರಿ ಚಾಚಿ? ನಗಬ್ಯಾಡ್ರಿ.

ಗಂಟಿ ದನಿ ಸಣ್ಣಾತು, ಮಗ್ಗದ ಸಪ್ಪಳದಾಗ ಕೇಳವಲ್ದು ಅಂತ ನೀವ ಅಂದಿದ್ರಂತ. ಅದನ್ನಷ್ಟ ದೊಡ್ಡದ ಮಾಡಿ, ಅದ ಪ್ರೋಗ್ರಾಮನ್ನ ಹೊಸಾ ಕಂಪೈಲರಿಗೆ ಕೊಟ್ಟು ಬೋರ್ಡಿಗೆ ಹಾಕಿದ. ಗಂಟಿ ಬಾರಿಸಿ ನೋಡಿದ, ಖುಷಿಯಾದ. ತಡಿಯೂದು ಹೋಗೈತಿ ಅಂತ ಅವಗ ಹ್ಯಾಂಗ ಗೊತ್ತಾಗಬೇಕು, ಅದನ್ನ ಅಂವ ಮುಟ್ಟೇ ಇಲ್ಲಲ್ಲ! ಮರುದಿನ ಮುಂಜಾನಿ ನೀವು ಬಟನ್ ಒತ್ತಿದ್ರಿ, ಗಂಟಿ ಮೋಟಾರ ಎರಡೂ ಕೂಡೇ... ಆ ಮೋಟಾರಿನ ಬೆಲ್ಟ ನಿಮ್ಮ ಕೈ ಎಳಕೊಂಡು... ಎರಡು ಬೆರಳ ಇನ್ನ ಮಡಚೂದಿಲ್ಲಂತ ಡಾಕ್ಟರ್ ಹೇಳ್ಯಾರಂತಲ್ಲ. ಮಗ್ಗದಾಗ ಇನ್ನ ಎಳಿ ಹಿಡಿಯಾಕ ಆಗೂದಿಲ್ಲಲ್ಲ ನಿಮಗ?... ಮುಚ್ಚಿಕೊಳ್ಳಬ್ಯಾಡ್ರಿ ಕೈ. ನೋಡ್ತೀನಿ. ನಾ ನೋಡಬೇಕದನ್ನ.

ಏನ್ರಿ? ಹೊಸಾ ಕಂಪೈಲರ್ ಇವಗ ಎಲ್ಲಿಂದ ಬಂತು ಅಂತೀರೇನು... ಸಿಡಿ ಮ್ಯಾಲೆ ಬಂತು. ನಾನ ಕೊಟ್ಟಿದ್ದೆ. ಹಳೇದ ಬಿಡೋ, ಇದ್ರಾಗ ಭಾಳ ಸುಧಾರಣಿ ಅದಾವ ಅಂತ. ಬದಲಾವಣಿ ಮಾಡಿದಾಂವ ಯಾರೋ ಒಬ್ಬ, ಆ ಸಾವಿರಾರು ಮಂದ್ಯಾಗ. ಅವನ ಹೆಸರ ತಗೊಂಡು ನಾವೇನ ಮಾಡೂದೈತ್ರಿ? ಅವಗೇನ ಗೊತ್ತು, ಗಜೇಂದ್ರಗಡದಾಗ ಒಬ್ಬಾಕಿ ಮದರಬಿ ಬಟನ್ ಒತ್ತಿ ದೇವರ ಹೆಸರ ತಗೀತಾಳ ಅಂತ...

ಹಂಗ ನೋಡಬ್ಯಾಡ್ರಿ ಚಾಚಿ.

ನಂದ. ನಾನ ಬರದದ್ದು. ಮೂರು ತಿಂಗಳ, ಕ್ಲಾಸ್ ಮುಗಿಸಿ, ಊಟಾ ಬಿಟ್ಟು ಬರದೀನಿ. ಸೇರಿಸಿಕೊಂಡೀವಿ ಅಂತ ಉತ್ತರಾ ಬಂದ ದಿನ ಕುಣದಾಡಿಬಿಟ್ಟಿದ್ದೆ. ಅಷ್ಟು ದೊಡ್ಡ ಕೆಲಸದಾಗ ರೋಣದಾಂವಂದು ಒಂದು ಹೆಸರ... ಗವಿಸಿದ್ದಪ್ಪ ಅಂತ. ಅದನ್ನ ಹಿಂದಕ್ಕ ತಗೀಬೇಕಂತ ತಿಂಗಳಿಂದ ಒದ್ದಾಡಾಕತ್ತೀನಿ ಚಾಚಿ. ನಾಕ ಸಲ ಬರದೆ. ನನ್ನ ಬದಲಾವಣಿ ಕಿತ್ತ ಹಾಕ್ರಿ, ಒಬ್ಬರ ಕೈ ಹೋಗೈತಿ ಅಂತ ಬರದೆ. ಅವರು ಕೆಟ್ಟವರಲ್ಲ, ಮರುಗಿದ್ರು. ಆದ್ರ ಕೀಳೂದಿಲ್ಲಂತ. ನಿಮ್ಮ ಬದಲಾವಣಿ ಸರಿ ಐತಿ, ನಿಯಮದಾಗ ಐತಿ, ತಡೀಬೇಕಂದ್ರ ತಡಿ ಅಂತ ಬೋರ್ಡಿಗೆ ಬ್ಯಾರೇನ ಹೇಳಬೇಕು, ಸುಮ್ನ ಎಣಿಸಿದ್ರ ಅದು ತಡದಂಗಲ್ಲ ಅಂದ್ರು. ಅಷ್ಟರಾಗ ಅದರ ಮ್ಯಾಲೆ ಮತ್ತೊಬ್ಬಾಂವ ಕಟ್ಟಿದ, ಅವನ ಮ್ಯಾಲೆ ಇನ್ನೊಬ್ಬ. ನೇದ ಸೀರ್ಯಾಗಿಂದ ನಟ್ಟನಡುವಿನ ಎಳಿ ಒಂದ ಎಳೀರಿ ಅಂದ್ರ ನೀವು ಎಳೀತೀರೇನು? ಹಂಗ ಆಗೇತಿ. ದಿನಾ ಮುಂಜಾನಿ ಹೊಸಾ ಬದಲಾವಣಿ ಪಟ್ಟಿ ಬರ್ತೈತಿ, ದಿನಾ ಓದ್ತೀನಿ. ನಾ ಬರದದ್ದು ಇನ್ನಷ್ಟು ಆಳಕ್ಕ ಇಳದಿರ್ತೈತಿ. ನನ್ನ ಕೈಯಾಗ ಏನೂ ಉಳದಿಲ್ರಿ.

ಆತಲ್ಲ, ಈಗ ಎಲ್ಲಾ ಹೇಳೀನಿ. ಎಲ್ಲಾ. ಇನ್ನೇನಿಲ್ಲ ನನ್ನ ಹತ್ರ.

ಯಾಕ ಎದ್ರಿ? ಇದೇನ್ರಿ... ಆಶಿಕನ ನೋಟಬುಕ್ಕು? ನನಗ್ಯಾಕ? ನೋಡು ಅಂತೀರಿ... ಆ ಎಣಿಕಿ ಹಾಕ್ಯಾನ. ಒಂದ ಸಲ ಎಣಿಸಾಕ ಎಷ್ಟು ಹೊತ್ತು, ಎಲ್ಲಾ ಕೂಡಿದ್ರ ಎಷ್ಟು ಹೊತ್ತು. ಈ ಹಾಳ್ಯಾಗ ಮತ್ತ ಹಾಕ್ಯಾನ. ಇದ್ರಾಗೂ. ಪೂರಾ ನೋಟಬುಕ್ಕ ಇದ ಏನ್ರಿ? ಕೆಳಗ ಏನೋ ಬರದಾನ. 'ಸರಿ ಬರಾಕತ್ತೈತಿ. ಎಲ್ಲಿ ತಪ್ಪೀನಿ?' ಇಲ್ಲೂ ಅದ. ಎಲ್ಲಾ ಹಾಳಿ ಕೆಳಗೂ ಅದ...

ಏನರೆ ಅನ್ರಿ ಚಾಚಿ. ಬೈರಿ. ಮತ್ತ ಮತ್ತ ಹಾಳಿ ತಿರುವಿ ನನ್ನ ಮುಂದ ಹಿಡೀಬ್ಯಾಡ್ರಿ.

ಆತು. ಅವತ್ತ ನಿಮ್ಮನ್ನ ಗದಗಿನ ದವಾಖಾನ್ಯಾಗ ಬಿಟ್ಟು ಸಂಜಿಮುಂದ ಅಂವ ಬೋರ್ಡ ತಗೊಂಡು ಸೀದಾ ನನ್ನ ಕಡೆ ಬಂದಿದ್ದ. ಅಂಗಿ ಮ್ಯಾಲೆ ರಕ್ತ ಹಂಗ ಇತ್ತು. ಸರ, ಎಲ್ಲಿ ತಪ್ಪೈತಿ ನೋಡ್ರಿ ಅಂದ. ನೋಡಿದೆ. ಎರಡು ಮಿನಿಟ ಹಿಡೀಲಿಲ್ಲ. ಕಂಪೈಲರ್ ಬೋರ್ಡಿಗೆ ಮಾಡಿ ಕೊಟ್ಟದ್ರಾಗ, ಎಣಿಕಿ ಇರೋ ಜಾಗಾದಾಗ ಏನೂ ಇರಲಿಲ್ಲ. ಆಗಿಂದಾಗ ಗೊತ್ತಾತು ನನಗ, ಇದು ನನ್ನ ಕೈಕೆಲಸ ಅಂತ. ಬಾಯಿ ತನಕಾ ಬಂತು. ಅವನ ಮಾರಿ ನೋಡಿದೆ, ಅಂಜಿಕಿ ಆತು ಚಾಚಿ. 'ಎಣಿಕಿ ತಪ್ಪ ಹಾಕೀಯಲ್ಲೋ' ಅಂದುಬಿಟ್ಟೆ. ಹೌದ್ರಿ ಸರ? ಅಂತ ಒಂದ ಸಲ ಕೇಳಿದ. ಹೌದು ಅಂದೆ. ನಾ ಅಂದದ್ದಕ್ಕ ಅಂವ ಎಂದೂ ಎದುರಾಡಿದಾಂವಲ್ಲ. ಮೊದಲ ಆ ಬದಲಾವಣಿ ಕೀಳೂಣು, ಆಮ್ಯಾಲೆ ಹೇಳೂಣು, ನಾಳೆ ಹೇಳೂಣು ಅಂತ...

ಎಲ್ಲಿ ಹೊಂಟ್ರಿ? ಆ ಬಾಗಲಾ ತಗೀಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಎರಡು ದಿನ ಕೊಡ್ರಿ ನನಗ, ಒಂದ ದಿನ ಕೊಡ್ರಿ... ಚಾಚಿ...

ಆಶಿಕಾ. ಮಕ್ಕೊಂಡಿರಲಿಲ್ಲೇನೋ ನೀ. ಆ ಎಣಿಕಿ ಸರಿ ಇತ್ತೋ ತಮ್ಮಾ. ಮೊದಲನೇ ಹಾಳ್ಯಾಗನ ಸರಿ ಇತ್ತು.