ಬೆಳ್ಳಿ ನೀರಿನ ಎರಡನೇ ಹಾಳೆ

ಸುಳ್ಳು ಹೇಳಬಾರದು ಅಂತ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಮಠದಲ್ಲಿ ಕೂತ ತಾಯಂದಿರಿಗೆ, ಹಿರಿಯರಿಗೆ, ಎಲ್ಲರಿಗೂ ಗೊತ್ತು. ಆದರೆ ಒಂದು ಮಾತು ಕೇಳ್ತೀನಿ. ಒಂದೂ ಸುಳ್ಳು ಹೇಳದೆ, ನಿಜದಲ್ಲಿ ಅರ್ಧ ಹೇಳಿ ಸುಮ್ಮನಾದವನನ್ನ ಏನಂತ ಕರೀತೀರಿ? ಯೋಚನೆ ಮಾಡ್ತಾ ಇರಿ. ಅಷ್ಟರಲ್ಲಿ ಒಬ್ಬ ಶ್ರೀಮಂತನ ವಿಷಯ ಹೇಳಿಬಿಡ್ತೀನಿ.

ಅವನ ಹೆಸರು ಮಾಗುಂಡಪ್ಪ ಅಂತ ಇಟ್ಕೊಳ್ಳಿ. ಪೇಟೆಯಲ್ಲಿ ಬೆಳ್ಳಿ ಅಂಗಡಿ. ಕಾಲ್ಗೆಜ್ಜೆ, ಲಿಂಗದ ಕರಡಿಗೆ, ಉಡಿದಾರ, ಮೂವತ್ತೈದು ವರ್ಷದ ವ್ಯಾಪಾರ. ಒಂದು ದಿನವೂ ತೂಕದಲ್ಲಿ ಮೋಸ ಮಾಡಿದವನಲ್ಲ. ನೋಡಿ, ಇದನ್ನ ಮರೀಬೇಡಿ, ಅವನು ಕೆಟ್ಟವನಲ್ಲ. ಕೆಟ್ಟವನ ಕಥೆ ಹೇಳಿದರೆ ನೀವು ಆರಾಮಾಗಿ ಕೂತು ಕೇಳ್ತೀರಿ, ಇದು ನಮ್ಮದಲ್ಲ ಅಂತ.

ಒಮ್ಮೆ ಕುದಿಯೋ ಸಾರು ಚೆಲ್ಲಿ ಅವನ ಕಾಲು ಸುಟ್ಟಿತು. ಆಸ್ಪತ್ರೆಯವರು ಬಿಳಿ ಮುಲಾಮು ಹಚ್ಚಿ, ಇದರಲ್ಲಿ ಬೆಳ್ಳಿ ಇದೆ ಅಂದರು. ಗಾಯ ಮಾಗಿತು. ಅವನಿಗೆ ಆಶ್ಚರ್ಯವೋ ಆಶ್ಚರ್ಯ. ಜೀವಮಾನವೆಲ್ಲ ತೂಗಿ ಕೊಟ್ಟ ಬೆಳ್ಳಿ ಬರೀ ಒಡವೆಯಲ್ಲ, ಔಷಧ! ಮೊಬೈಲಿನಲ್ಲಿ ಹುಡುಕಿದ. ಬೆಳ್ಳಿ ನೀರು ಮಾಡೋದನ್ನ ಯಾರೋ ತೋರಿಸಿದ್ದರು. ಅಂಗಡಿಯ ಹಿಂದಿನ ಕೋಣೆ ತೊಳೆಸಿ ಶುರು ಮಾಡಿಯೇಬಿಟ್ಟ. ಗಾಜಿನ ಜಾಡಿ, ಬಟ್ಟಿ ಇಳಿಸಿದ ನೀರು, ಅದರೊಳಗೆ ಅಪ್ಪಟ ಬೆಳ್ಳಿಯ ಎರಡು ತಂತಿ, ತಂತಿಗೆ ಸಣ್ಣ ಕರೆಂಟು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳು ಬಿಟ್ಟುಕೊಂಡು ನೀರು ತಿಳಿಹಳದಿ ಆಗುತ್ತಿತ್ತು.

ದುಡ್ಡಿಗೆ ಮಾರಿದನೇ? ಇಲ್ಲ. ಪುಕ್ಕಟೆ ಹಂಚಿದ. ನೆಗಡಿ ಅಂದವರಿಗೆ ಒಂದು ಬಾಟಲಿ, ಕೆಮ್ಮು ಅಂದವರಿಗೆ ಒಂದು ಬಾಟಲಿ. ಎಲ್ಲರಿಗಿಂತ ಮೊದಲು ಕುಡಿದವಳು ಅವನ ತಂಗಿ ಗುರುಬಸವ್ವ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲೇ ಇದ್ದಳು. ದಿನಾ ಮುಂಜಾನೆ ಎರಡು ಚಮಚ. "ನಮ್ಮಣ್ಣ ಮಾಡಿದ್ದು, ಸಂಶೆ ಯಾಕ?" ಅಂತ ಓಣಿಗೆಲ್ಲ ಹೇಳುತ್ತಿದ್ದಳು.

ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು, "ಇದನ್ನ ಪರೀಕ್ಷೆ ಮಾಡಿಸೀರೇನ್ರೀ?" ಮಾಗುಂಡಪ್ಪನಿಗೆ ಏನು ಭಯ? ಆರು ಬಾಟಲಿ ಕಟ್ಟಿಕೊಂಡು ಜಿಲ್ಲಾ ಊರಿನ ಒಂದು ಲ್ಯಾಬಿಗೆ ಹೋಗಿ ಕೊಟ್ಟು ಬಂದ. ಹತ್ತು ದಿನ ಬಿಟ್ಟು ಮತ್ತೆ ಹೋದ. ಪರೀಕ್ಷೆ ಮಾಡಿದ ಹೆಣ್ಣುಮಗಳು ತಸ್ನೀಮ್. ಕ್ರಿಮಿ ಬೆಳೆಸಿದ ಗಾಜಿನ ತಟ್ಟೆ, ಎರಡು ಹಾಳೆಯ ವರದಿ ತಂದು ಮುಂದಿಟ್ಟಳು. ಬೆಳ್ಳಿ ನೀರಿನಲ್ಲಿ ಅದ್ದಿಟ್ಟ ಸಣ್ಣ ಕಾಗದದ ಬಿಲ್ಲೆ ನಡುವೆ ಇತ್ತು. ಅದರ ಸುತ್ತ ಒಂದು ಬಳೆಯಷ್ಟು ಜಾಗ ಸ್ವಚ್ಛ. ಕ್ರಿಮಿ ಇಲ್ಲ!

ಅವನ ಕಣ್ಣಲ್ಲಿ ನೀರು ಬಂತು. "ನಾ ಹೇಳಿದ್ನೋ ಇಲ್ಲೋ!"

"ಕಾಕಾ, ಪೂರಾ ಕೇಳ್ರಿ," ಅಂದಳು ಆಕೆ. "ತಟ್ಟ್ಯಾಗ ಕ್ರಿಮಿ ಸತ್ತಾವು, ಖರೇ, ಅದನ್ನ ಮೊದಲನೇ ಹಾಳ್ಯಾಗ ಬರದೀವಿ. ಆದ್ರ ಎರಡನೇ ಹಾಳಿ ನೋಡ್ರಿ. ನಿಮ್ಮ ಆರು ಬಾಟಲಿಯೊಳಗ ಬೆಳ್ಳಿ ಒಂದೇ ಅಳತಿ ಇಲ್ಲ. ಒಂದರಕಿಂತ ಇನ್ನೊಂದರಾಗ ಐದು ಪಟ್ಟು ಐತಿ. ಮೈಯಾಗಿನಂಗ ಇರ್ಲಿ ಅಂತ ರಕ್ತದ ತಿಳಿನೀರು ಬೆರೆಸಿ ನೋಡಿದ್ರ ಕ್ರಿಮಿ ಸಾಯಲಿಲ್ಲ. ಮನುಷ್ಯಾನ ಹೊಟ್ಟಿ ಗಾಜಿನ ತಟ್ಟಿ ಅಲ್ರೀ. ಕುಡಿದ ಬೆಳ್ಳಿ ಮೈಯಾಗ ಉಳಿದು ಚರ್ಮ ಬೂದಿ ಬಣ್ಣ ಆಗತೈತಿ, ಮತ್ತ ಮೊದಲಿನಂಗ ಆಗಂಗಿಲ್ಲ. ಯಾರಿಗೂ ಕುಡಿಸಬ್ಯಾಡ್ರಿ."

"ನಮ್ಮ ಮಂದಿಗೆ ಆರಾಮ ಆಗೇತಲ್ಲವಾ?"

"ನೆಗಡಿ ಐದು ದಿನಕ್ಕ ತಾನ ಹೋಗತೈತಿ ಕಾಕಾ. ನೀವು ಕೊಟ್ರೂ ಹೋಗತೈತಿ, ಕೊಡದಿದ್ರೂ ಹೋಗತೈತಿ."

ಬಸ್ಸಿನಲ್ಲಿ ಬರುವಾಗ ಅವನು ನಿಲ್ಲಿಸಿಬಿಡಬೇಕು ಅಂತಲೇ ನಿರ್ಧಾರ ಮಾಡಿದ್ದ. ನಂಬಿ, ಮಾಡಿದ್ದ. ಆದರೆ ಅಂಗಡಿ ಮುಂದೆ ಇಳಿದರೆ ಹನ್ನೊಂದು ಜನ ಖಾಲಿ ಬಾಟಲಿ ಹಿಡಿದು ನಿಂತಿದ್ದಾರೆ. ನಡುವೆ ತಂಗಿ, ಮುಖ ಅರಳಿಸಿಕೊಂಡು. "ಏನಾತಣ್ಣಾ ಪರೀಕ್ಷೆ?"

ಅವನು ಚೀಲಕ್ಕೆ ಕೈ ಹಾಕಿದ. ಮೊದಲನೇ ಹಾಳೆ ತೆಗೆದು ತೋರಿಸಿದ. ಅದು ಸುಳ್ಳೇ? ಅಲ್ಲ. ಅಕ್ಷರ ಅಕ್ಷರವೂ ನಿಜ. ಜನ ಕೈ ಮುಗಿದರು. ವಾರದಲ್ಲಿ ಆ ಹಾಳೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಎರಡನೆಯದು ಕಪಾಟಿನಲ್ಲಿ ಹಳೇ ಶಾಲುಗಳ ಕೆಳಗೆ ಹೋಯಿತು. ನಾಳೆ ಹೇಳಿದರಾಯಿತು ಅಂದುಕೊಂಡ. ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದರಾಯಿತು ಅಂದುಕೊಂಡ. ನಾವೂ ಹೀಗೇ ಅಂದುಕೊಳ್ಳೋದಲ್ಲವೇ?

ವರ್ಷ ದಾಟಿತು. ಗುರುಬಸವ್ವನ ಉಗುರಿನ ಬುಡ ಮೊದಲು ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಹಣೆ, ಆಮೇಲೆ ಕೆನ್ನೆ. "ಬಿಸಲಿಗೆ ಹಂಗಾಗೇತಿ," ಅಂದ ಅಣ್ಣ. ನೋಡಿ, ಈಗ ಸುಳ್ಳೂ ಬಂತು. ಮೊದಲು ಮೌನ, ಅದರ ಹಿಂದೆಯೇ ಸುಳ್ಳು. ರಾತ್ರಿ ಊಟಕ್ಕೆ ಕೂತಾಗ ಆಕೆ ಅನ್ನ ಬಡಿಸೋ ಕೈಯನ್ನ ಅವನು ನೋಡುತ್ತಿರಲಿಲ್ಲ.

ಆಮೇಲೆ ಆಕೆಗೆ ಜ್ವರ ಬಂತು. ನಾಲ್ಕು ದಿನ ಕಳೆದರೂ ಇಳಿಯಲಿಲ್ಲ. "ದವಾಖಾನಿಗೆ ಹೋಗೋಣು ನಡಿಯವಾ," ಅಂದ.

"ಅಯ್ಯ, ಮನಿಯಾಗ ನಿನ್ನ ನೀರು ಇಟಗೊಂಡು ದವಾಖಾನಿಗೆ ಹೋದ್ರ ಮಂದಿ ಏನಂದಾರು?"

ಆಗ ಹೇಳಬೇಕಾಗಿತ್ತು. ಒಂದೇ ಒಂದು ಮಾತು. ಹೇಳಲಿಲ್ಲ! ಆಕೆ ಬಾಯಿ ತೆರೆದಳು, ಅವನೇ ಚಮಚ ಹಿಡಿದ. ಹದಿನಾಲ್ಕನೇ ದಿನ ಹೊಟ್ಟೆ ಹಿಡಿದುಕೊಂಡು ಬಿದ್ದಾಗ ಎತ್ತಿಕೊಂಡು ಓಡಿದ. ಡಾಕ್ಟರು ನೋಡಿದರು. "ಟೈಫಾಯ್ಡ್. ಕರುಳು ತೂತಾಗಿದೆ. ಮೊದಲ ವಾರದಲ್ಲೇ ಕರಕೊಂಡು ಬಂದಿದ್ರೆ ಗುಳಿಗೆಯಲ್ಲೇ ವಾಸಿಯಾಗ್ತಿತ್ತು," ಅಂದರು. ಆಪರೇಷನ್ ಮಾಡಿದರು. ಮೈ ತಡೆದುಕೊಳ್ಳಲಿಲ್ಲ.

ಕೊನೆಯ ದಿನ ಆಕೆ ಅಣ್ಣನ ಕೈ ಹಿಡಿದುಕೊಂಡಳು. "ನಿನ್ನ ತಪ್ಪೇನಿಲ್ಲಣ್ಣಾ. ನಿನ್ನ ನೀರು ಬಿಟ್ಟು ಇಲ್ಲಿಗೆ ಬಂದೆ ನೋಡು, ಅದಕ್ಕ ಹಿಂಗಾತು."

ಅವನು ಆಗಲೂ ಹೇಳಲಿಲ್ಲ. ಸಾಯುವವಳಿಗೆ ಹೇಗೆ ಹೇಳೋದು? ಬದುಕಿದ್ದಾಗ ಧೈರ್ಯ ಇರಲಿಲ್ಲ, ಸಾಯುವಾಗ ಕರುಣೆ ಅಡ್ಡ ಬಂತು. ಆಕೆ ಹಾಗೇ ಹೋದಳು, ಅವನನ್ನ ನಂಬಿಕೊಂಡೇ.

ಇನ್ನಾದರೂ ಮುಗಿಯಿತು ಅಂದ್ಕೊಂಡಿರಾ? ಇಲ್ಲ. ಆಕೆಯ ಹೆಸರಿನಲ್ಲಿ ಶಿವಗಣಾರಾಧನೆ ಮುಗಿದ ಮಾರನೇ ಬೆಳಿಗ್ಗೆ ಅಂಗಡಿ ಮುಂದೆ ಹಿಂದೆಂದೂ ಇಲ್ಲದಷ್ಟು ಜನ. ದವಾಖಾನೆಗೆ ಹೋಗಿ ಕೆಟ್ಟಳು, ಮನೆಯಲ್ಲೇ ಇದ್ದಿದ್ದರೆ ಉಳಿಯುತ್ತಿದ್ದಳು ಅಂತ ಊರೆಲ್ಲ ಮಾತು. ಮಾಗುಂಡಪ್ಪ ಕಪಾಟಿನಿಂದ ಹಾಳೆ ತಂದ. ಎಲ್ಲರ ಮುಂದೆ ನಿಂತು ಗಟ್ಟಿಯಾಗಿ ಓದಿದ. "ಕುಡೀಬ್ಯಾಡ್ರಪಾ, ಕೈ ಮುಗೀತೀನಿ," ಅಂತ ಅತ್ತ.

ಯಾರು ನಂಬಿದರು? "ಪಾಪ, ದುಃಖಕ್ಕ ಹಿಂಗ ಮಾತಾಡಾಕತ್ತಾನ," ಅಂದಳು ಒಬ್ಬಾಕೆ. ಇನ್ನೊಬ್ಬನಿಗೆ ಸಿಟ್ಟೇ ಬಂತು. "ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ ಸಾವ್ಕಾರ್ರ, ಕಾಗದ ಯಾಕ ತೋರಸ್ತೀರಿ?" ಒಬ್ಬಳೇ ಒಬ್ಬಳು, ಗುರುಬಸವ್ವನ ಗೆಳತಿ ಶಂಕ್ರವ್ವ, ಹಾಳೆ ಕೈಗೆ ತಗೊಂಡು ತಾರೀಖು ನೋಡಿದಳು.

"ಹದಿನಾಕು ತಿಂಗಳಾತಲ್ರೀ ಇದಕ್ಕ. ಆಕಿಗೆ ಹೇಳಿದ್ರೇನ್ರೀ?"

ನಂಬಿದವಳು ಆಕೆಯೊಬ್ಬಳೇ. ಆಕೆಯ ಮುಖ ನೋಡುವ ಧೈರ್ಯವೂ ಅವನಿಗೆ ಇರಲಿಲ್ಲ.

ಜಾಡಿ ಒಡೆದು ಹಾಕಿದ. ಏನಾಯಿತು? ತಿಂಗಳೊಳಗೆ ಬಸ್‌ ಸ್ಟ್ಯಾಂಡಿನ ಹತ್ತಿರ ಬೇರೊಬ್ಬ ಎರಡು ತಂತಿ ಇಳಿಬಿಟ್ಟು ಕೂತ, ಗೋಡೆಗೆ ಮೊದಲನೇ ಹಾಳೆಯ ಜೆರಾಕ್ಸ್ ಅಂಟಿಸಿ. ಮಾಗುಂಡಪ್ಪ ಇವತ್ತಿಗೂ ಮನೆ ಮನೆಗೆ ಹೋಗಿ ಕುಡೀಬೇಡಿ ಅಂತಾನೆ. ಜನ ಚಹಾ ಕೊಟ್ಟು, ಸಮಾಧಾನ ಹೇಳಿ ಕಳಿಸ್ತಾರೆ. ಅವನಿಗೆ ಕ್ಷಮೆ ಸಿಗುತ್ತದೆಯೇ ಸ್ವಾಮಿಗಳೇ ಅಂತ ಕೇಳಬೇಡಿ. ನನಗೆ ಗೊತ್ತಿಲ್ಲ. ಕೊಡಬೇಕಾದವಳು ಮಣ್ಣಲ್ಲಿದ್ದಾಳೆ.

ಈಗ ನಿಮ್ಮ ಮಾತಿಗೆ ಬರೋಣ. ನೀವು ಬೆಳ್ಳಿ ನೀರು ಮಾಡೋದಿಲ್ಲ, ಸರಿ. ಹುಡುಗನಿಗೆ ಮೂರ್ಛೆ ರೋಗ ಇದೆ ಅಂತ ಗೊತ್ತಿದ್ದೂ ಹೆಣ್ಣಿನ ಕಡೆಯವರ ಮುಂದೆ ಬರೀ ಅವನ ಡಿಗ್ರಿ ಹೇಳಿದವರು ಇಲ್ಲಿ ಯಾರೂ ಇಲ್ಲವೇ? ಯಾರೋ ಕಳಿಸಿದ ಮನೆಮದ್ದನ್ನ ಹತ್ತು ಜನರಿಗೆ ಕಳಿಸಿ, ಆಮೇಲೆ ಅದು ತಪ್ಪು ಅಂತ ಗೊತ್ತಾದಾಗ ಸುಮ್ಮನೆ ಕೂತವರು? ತಲೆ ಬಗ್ಗಿಸಬೇಡಿ, ಮನೆಗೆ ಹೋಗಿ. ನಿಮ್ಮನ್ನ ನಂಬಿದವರಿಗೆ ನೀವು ಹೇಳದೆ ಉಳಿಸಿಕೊಂಡದ್ದನ್ನ ಇವತ್ತು ಊಟಕ್ಕೆ ಕೂಡೋ ಮೊದಲೇ ಹೇಳಿ. ಒಳ್ಳೇ ಗಳಿಗೆ ಕಾಯಬೇಡಿ. ಅವರು ಬೈತಾರೆ. ಬೈಸಿಕೊಳ್ಳಿ. ಬೈಯೋದಕ್ಕೆ ಅವರಿನ್ನೂ ಇದ್ದಾರಲ್ಲ.